ಬಾಲದ ಎಡಗಡೆ ಸುಕ್ಕು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಿಮಾನ ತರಬೇತಿ ಶಾಲೆಯ ಶೆಡ್ಡಿನಲ್ಲಿ, ಎಲ್ಲರೂ ತಗಡಕ್ಕ ಅಂತ ಕರೆಯುವ ರಿಪೇರಿಯ ಅಕ್ಕ ಪುಟ್ಟ ವಿಮಾನವೊಂದರ ಬಾಲದೊಳಗೆ ಮೊಣಕೈವರೆಗೆ ಕೈ ತೂರಿಸಿ, ಉಕ್ಕಿನ ಗಟ್ಟಿಯೊಂದನ್ನು ಒತ್ತಿ ಹಿಡಿದಿದ್ದಾರೆ. ಹೊರಗಿನಿಂದ ಅವರ ಯಜಮಾನರು ತಗಡು ಜೋಡಿಸುವ ರಿವೆಟ್ ಮೊಳೆ ಬಡಿಯುತ್ತಿದ್ದಾರೆ. ಆ ಗದ್ದಲದಲ್ಲಿ ಮಾತು ಎಲ್ಲಿ ಕೇಳಬೇಕು? ಅಕ್ಕ ಒಳಗಿನಿಂದ ಒಂದು ಸಲ ಕುಟ್ಟಿದರೆ ಸರಿಯಾಯಿತು ಅಂತ, ಎರಡು ಸಲ ಕುಟ್ಟಿದರೆ ಇನ್ನೊಮ್ಮೆ ಬಡೀರಿ ಅಂತ. "ಮನೇಲೂ ಇಷ್ಟೇ ಮಾತಾಡಿದ್ರೆ ಸಾಕಿತ್ತು" ಎಂದು ಯಜಮಾನರು ಗೊಣಗುತ್ತಾರೆ.

ಹಾರುವವರ ಫೋಟೊಗಳು ಶಾಲೆಯ ಗೋಡೆ ತುಂಬ ಇವೆ. ಅವರ ವಿಮಾನದ ಬಾಲ ಕಾಯುವ ಈ ಕೈಗಳದ್ದು ಮಾತ್ರ ಒಂದೂ ಇಲ್ಲ. ನೋಡಿದರೆ ನನಗೆ ಮೈ ಉರಿಯುತ್ತದೆ. ಅಕ್ಕನಿಗೆ ಉರಿಯುವುದಿಲ್ಲ. ತಗಡಿನ ಡಬ್ಬ, ಕೊಳವೆ ಮಾಡುತ್ತಿದ್ದ ಅಪ್ಪನ ಪಕ್ಕ ಕೂತು ಕೆಲಸ ಕಲಿತವರು. ಬಡಿದು ಬಡಿದು ಒಂದು ಕಿವಿ ಮಂದ. "ಒಳ್ಳೇದೇ ಆಯ್ತು, ಬೈಗುಳ ಅರ್ಧ ಮಾತ್ರ ಕೇಳುತ್ತೆ" ಅನ್ನುತ್ತಾರೆ.

ಕೆಲವು ತಿಂಗಳ ಹಿಂದೆ ವಿಮಾನವೊಂದರ ಬಾಲದ ತಗಡಿನಲ್ಲಿ ಸುಕ್ಕು ಕಂಡಿತು. ಹಿಂದಿನ ದಿನ ಅದನ್ನು ಇಳಿಸಿದ್ದು ಕಲಿಯುವ ಹುಡುಗಿಯೊಬ್ಬಳು. ದಡಕ್ಕನೆ ಇಳಿಸಿ ಹಾಳುಮಾಡಿದ್ದಾಳೆ ಅಂತ ಮಾತೆದ್ದಿತು. ಅವಳನ್ನು ಮನೆಗೆ ಕಳಿಸುವುದೇ ಸರಿ ಅಂತಲೂ ಆಯಿತು.

ಅಕ್ಕ ಬೆರಳಾಡಿಸಿ ನೋಡಿದರು. ಮೂತಿ ನೆಲಕ್ಕೆ ಬಡಿದಿದ್ದರೆ ಇಂಜಿನ್ ಹಿಂದಿನ ತಗಡೂ ಮುದುಡಬೇಕಿತ್ತು, ಅದು ನುಣ್ಣಗಿತ್ತು. ಸುಕ್ಕು ಇದ್ದದ್ದು ಬಾಲದ ಅಡ್ಡರೆಕ್ಕೆಯ ಎಡಗಡೆ, ಬುಡದ ಹತ್ತಿರ, ಅಂಗೈ ಊರುವ ಜಾಗದಲ್ಲಿ. ಬಾಲವನ್ನು ಕೆಳಗೆ ಅದುಮಿ, ಮೂತಿ ಎತ್ತಿ, ವಿಮಾನವನ್ನು ಗಿರ್ರನೆ ತಿರುಗಿಸಿ ನಿಲ್ಲಿಸುವ ಚಾಳಿ ಕೆಲವರಿಗಿರುತ್ತದೆ. ದಿನಾ ಅದುಮಿದರೆ ಆ ತೆಳು ತಗಡು ಎಷ್ಟೂಂತ ತಡೆದೀತು? ಈ ಶೆಡ್ಡಿನಲ್ಲಿ ವಿಮಾನ ತಳ್ಳುವವರು ಒಬ್ಬರೇ. ಯಾವಾಗಲೂ ಎಡಗಡೆಯೇ ನಿಲ್ಲುವವರು. ಅಕ್ಕನ ಯಜಮಾನರು.

ಅಕ್ಕ ಯಾರಿಗೂ ಹೇಳದೆ ಮೊದಲು ಅವರನ್ನೇ ಕರೆದು ತೋರಿಸಿದರು. ಅವರು ರೇಗಿದರು, ತಂದ ಬುತ್ತಿ ಬಿಚ್ಚಲಿಲ್ಲ. ಕೆಲಸ ಹೋದರೆ ಮನೆ ನೀನು ನಡೆಸ್ತೀಯಾ ಅಂತ ಕೇಳಿದರು. ನಡೆಸ್ತೀನಿ ಅಂದರು ಅಕ್ಕ. ಬೆಂಚಿನ ಮೇಲೆ ಆ ಹುಡುಗಿ ಮುಖ ಮುಚ್ಚಿಕೊಂಡು ಕೂತಿದ್ದಳು. ಅವಳ ಮುಂದೆಯೇ ಹಾದು ಯಜಮಾನರು ಶಾಲೆಯ ಮುಖ್ಯಸ್ಥರ ಕೋಣೆಗೆ ಹೋದರು.

"ಅದುಮಿದ್ದು ನಾನು ಸಾರ್. ಆ ಮಗೂನ ಬಿಟ್ಬಿಡಿ."

ಕೆಲಸ ಉಳಿಯಿತು, ಒಂದು ತಿಂಗಳ ಸಂಬಳ ಉಳಿಯಲಿಲ್ಲ. ಈಗ ಅವರು ಮೂತಿಯ ಚಕ್ರಕ್ಕೆ ಕಬ್ಬಿಣದ ಹಿಡಿಕೆ ಸಿಕ್ಕಿಸಿಯೇ ವಿಮಾನ ಎಳೆಯುವುದು. ಉಳಿದ ವಿಮಾನಗಳ ಎಡಬಾಲಗಳನ್ನು ಗಂಡ ಹೆಂಡತಿ ಸೇರಿ ಒಂದೊಂದಾಗಿ ಸರಿಮಾಡುತ್ತಿದ್ದಾರೆ. ಆ ಹುಡುಗಿ ಈಗ ಪಕ್ಕದಲ್ಲಿ ಗುರುಗಳಿಲ್ಲದೆ ಒಬ್ಬಳೇ ಹಾರುತ್ತಾಳೆ. ಇಳಿದವಳು ನೆಟ್ಟಗೆ ಶೆಡ್ಡಿಗೆ ಬಂದು ಹಿಡಿಕೆ ಎಳೆಯಲು ಕೈ ಜೋಡಿಸುತ್ತಾಳೆ.

ಪತ್ರಿಕೆಗೆ ಒಂದು ಫೋಟೊ ಬೇಕು ಅಂತ ನಾನು ಕೇಳಿದರೆ ಅಕ್ಕ ಬೇಡವೆಂದು ತಲೆಯಾಡಿಸುತ್ತಾರೆ. "ನಂದು ಬೇಡ, ಅವರದ್ದು ಹಾಕಿ. ಸುಕ್ಕು ಕಂಡುಹಿಡಿಯೋಕೆ ನಂಗೆ ಸಂಬಳ ಕೊಡ್ತಾರೆ. ಅವರು ಒಳಗೆ ಹೋಗಿ ಹೇಳಿದ್ರಲ್ಲ, ಅದಕ್ಕೆ ಯಾರೂ ಏನೂ ಕೊಡಲಿಲ್ಲ."

ಯಜಮಾನರಿಗೆ ಕೇಳಿಸಿರಬೇಕು. ಬಾಲದ ಆಚೆಯಿಂದ ತಗಡಿನ ಮೇಲೆ ಮೆಲ್ಲಗೆ ಒಂದೇ ಒಂದು ಸಲ ಕುಟ್ಟುತ್ತಾರೆ.