ಗೋಡೆಯಾಚೆಯ ದನಿ

ದೆವ್ವದ ಮಾತು ಬಂದರೆ ನಾನು ನಗುತ್ತಿದ್ದೆ. ಕುಬಿಹಾಳದ ಸಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವಳು ನಾನು. ಮಕ್ಕಳ ಅಂಜಿಕೆ ಬಿಡಿಸುವುದೂ ನನ್ನ ಕೆಲಸವೆಂದೇ ತಿಳಿದಿದ್ದೆ. ಈಗಲೂ ಅಂಥವನ್ನು ನಂಬುತ್ತೇನೆಂದು ಹೇಳಲಾರೆ. ಆದರೆ ಎಂಬತ್ತರ ದಶಕದ ಒಂದು ರವಿವಾರ, ಹಾಡಹಗಲಲ್ಲಿ ಕೇಳಿದ್ದನ್ನು ಕೇಳಿಲ್ಲವೆನ್ನಲೂ ಆಗುತ್ತಿಲ್ಲ.

ಧಾರವಾಡದಲ್ಲಿ ಶಿಕ್ಷಕರ ತರಬೇತಿಯಲ್ಲಿದ್ದಾಗ ದುಮ್ಮವಾಡದ ಶಂಕರನ ಪರಿಚಯವಾಯಿತು. ಎರಡು ವರ್ಷ ಪತ್ರ ಬರೆದುಕೊಂಡೆವು. ಕೊನೆಗೆ ಅವನೇ ಧೈರ್ಯಮಾಡಿ ಮನೆಯಲ್ಲಿ ಹೇಳಿದ. ಮಾತುಕತೆಗೆಂದು ಅಪ್ಪನ ಜೊತೆ ನಾನೂ ಅವರ ಮನೆಗೆ ಹೊರಟೆ. ಅಪ್ಪನ ಅಕ್ಕ ಗಂಗತ್ತಿ ನಮ್ಮ ಮನೆಯಲ್ಲೇ ಇದ್ದಳು. ಎಷ್ಟು ಕರೆದರೂ ಬರಲಿಲ್ಲ. ಅವಳನ್ನು ಮದುವೆ ಮಾಡಿ ಕೊಟ್ಟಿದ್ದೂ ದುಮ್ಮವಾಡಕ್ಕೇ. ಹದಿನೆಂಟಕ್ಕೆ ಗಂಡನನ್ನು ಕಳೆದುಕೊಂಡು, ಎರಡು ವರ್ಷದ ಮೇಲೆ ತವರಿಗೆ ಬಂದವಳು. 'ಆ ಊರಾಗ ನಾ ಕಾಲಿಡೂದಿಲ್ಲವಾ' ಎಂದು ಒಳಗೆ ಹೋದಳು. ಹಳೆಯ ದುಃಖವೆಂದುಕೊಂಡೆವು.

ಗಂಡಸರು ಪಡಸಾಲೆಯಲ್ಲಿ ಮಾತಾಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಶಂಕರನ ಅಜ್ಜಿಯ ಬಳಿ ಕುಳಿತಿದ್ದೆ. ಬೆನ್ನ ಹಿಂದೆ ಯಾರೋ ಗಂಡಸು ಕ್ಷೀಣವಾಗಿ ಕರೆದಂತಾಯಿತು: 'ಗಂಗೂ... ನೀರ.' ಜ್ವರ ಬಂದವರ ದನಿ. ಮತ್ತೊಮ್ಮೆ ಕೇಳಿತು. ಕಾಯಿಲೆಯವರು ಮಲಗಿರಬೇಕೆಂದು ತಂಬಿಗೆಯಲ್ಲಿ ನೀರು ತುಂಬಿಕೊಂಡು ಎದ್ದೆ. ತಿರುಗಿ ನೋಡಿದರೆ ಬಾಗಿಲೇ ಇಲ್ಲ. ಸುಣ್ಣ ಬಳಿದ ಗೋಡೆ.

'ಎಲ್ಲಿಗೆ ಹೊಂಟಿ?' ಅಜ್ಜಿ ಕೇಳಿದರು. ಅವರಿಗೆ ಏನೂ ಕೇಳಿಸಿರಲಿಲ್ಲ.

'ಆಚೆ ಯಾರೋ ನೀರ ಬೇಡಾಕತ್ತಾರ್ರಿ. ಗಂಗೂ ಅಂತ ಕರದ್ರು.'

'ಆ ಹೆಸರ ನಿನಗ ಯಾರ ಹೇಳಿದ್ರು?' ಅಜ್ಜಿ ಕಿರುಚಿಬಿಟ್ಟರು. ಎಲ್ಲರೂ ಓಡಿಬಂದರು. ನಾನು ತಂಬಿಗೆಯನ್ನು ನೆಲಕ್ಕಿಟ್ಟೆ.

ಆಗ ಅಜ್ಜಿಯಿಂದ ವಿಷಯ ಹೊರಬಿತ್ತು. ಬಹಳ ಹಿಂದೆ ಅವರ ಕಿರಿಯ ಮಗ ಗಂಗೂ ಎಂಬ ಊರಿನ ವಿಧವೆಯನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದನಂತೆ. ಅವನ ಅಪ್ಪ ಆಚೆಯ ಕೋಣೆಯಲ್ಲಿ ಕೂಡಿಹಾಕಿದರು. ಮೂರನೆಯ ದಿನ ಜ್ವರ ಏರಿತು. 'ಅವರಿಗೆ ಅಂಜಿ ನಾ ಬಾಗಿಲ ತೆಗೀಲಿಲ್ಲ' ಎಂದು ಅಜ್ಜಿ ಅತ್ತರು. ಅವನು ಸತ್ತ ಮೇಲೆ ಬಾಗಿಲಿಗೆ ಗೋಡೆ ಎಬ್ಬಿಸಿದರಂತೆ. ತನಗೊಬ್ಬ ಕಾಕಾ ಇದ್ದನೆಂಬುದೇ ಶಂಕರನಿಗೆ ಗೊತ್ತಿರಲಿಲ್ಲ.

ಗಂಗೂ ಯಾರೆಂದು ಅಪ್ಪನಿಗೂ ನನಗೂ ತಿಳಿದುಹೋಯಿತು. ನಾವು ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ಅಪ್ಪ ಒಂದೇ ಮಾತು ಹೇಳಿದ: 'ಅಕ್ಕಗ ಹೇಳಬ್ಯಾಡ.'

ಮುಂದಿನ ದಿನಗಳನ್ನು ಹೇಗೆ ಕಳೆದೆನೋ. ಸಾಲೆಯಲ್ಲಿ ಮಕ್ಕಳು 'ಅಕ್ಕೋರ' ಎಂದು ಕರೆದರೂ ಬೆಚ್ಚುತ್ತಿದ್ದೆ. ಹುಡುಗಿಗೆ ಗಾಳಿ ಸೋಕಿದೆ, ಸಂಬಂಧ ಬೇಡ ಎಂದು ಶಂಕರನ ತಂದೆ ಹಟ ಹಿಡಿದರೆಂಬ ಸುದ್ದಿ ಬಂತು. ಆಮೇಲೆ ಶಂಕರನ ಪತ್ರ ಬಂತು. ಗೋಡೆ ಒಡೆಸಿದ್ದಾನೆ, ಒಳಗೆ ಹುಳು ತಿಂದ ಹೊರಸಿನ ಮಂಚ, ಧೂಳು, ಬೇರೇನೂ ಇಲ್ಲ. 'ಅಪ್ಪ ಒಪ್ಪದಿದ್ದರೂ ನಾನು ಬರುತ್ತೇನೆ. ನಿನಗೆ ಮನಸ್ಸಿದೆಯೇ?' ಎಂದು ಬರೆದಿದ್ದ.

ಮನಸ್ಸಿತ್ತು. ಆದರೆ ಗಂಗತ್ತಿಗೆ ಹೇಳದೆ ಆ ಮನೆಯ ಸೊಸೆಯಾಗುವುದು ನನ್ನಿಂದಾಗಲಿಲ್ಲ. ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದವಳ ಮುಂದೆ ಕುಳಿತು ಕೇಳಿದ ದನಿಯನ್ನೂ ಅಜ್ಜಿಯ ಮಾತನ್ನೂ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

'ನೀರ ಕೊಟ್ಟಿಯೇನು?'

'ಕೊಟ್ಟೆ ಅತ್ತಿ' ಎಂದೆ.

'ಛಲೋ ಆತು' ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು, 'ಶಂಕರನ್ನ ಬಿಡಬ್ಯಾಡ' ಎಂದಳು.

ನಾನು ಬಿಡಲಿಲ್ಲ. ನಮ್ಮ ಸಂಸಾರ ಅಣ್ಣಿಗೇರಿಯಲ್ಲಿ ನಡೆಯಿತು. ಅತ್ತಿ ತೀರಿಹೋಗಿ ಎಷ್ಟೋ ವರ್ಷಗಳಾದವು. ಯಾರೂ ನನ್ನೆದುರು ಆಡಿರದ ಮಾತನ್ನು ಆ ಮಧ್ಯಾಹ್ನ ನಾನು ಹೇಗೆ ಕೇಳಿದೆನೋ, ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ನೀರು ತುಂಬಿದ ತಂಬಿಗೆ ನೆಲದ ಮೇಲೇ ಉಳಿಯಿತೆಂದು ಗಂಗತ್ತಿಗೆ ಹೇಳಲು ಮಾತ್ರ ಕೊನೆಯವರೆಗೂ ನನಗೆ ಬಾಯಿ ಬರಲಿಲ್ಲ.