ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಅಂಗಿ

ನಾನು ಚಿಕ್ಕವನಿದ್ದಾಗ ನನ್ನ ಅಳತೆ ನೋಡಿ ಹೊಲಿದ ಅಂಗಿ ನನಗೆ ಒಂದೂ ಇರಲಿಲ್ಲ. ಅದಕ್ಕಾಗಿ ನಾನು ಅತ್ತವನೂ ಅಲ್ಲ. ಅಪ್ಪನಿಗೆ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸ, ಅಮ್ಮನೂ ಅಲ್ಲೇ ಇದ್ದರು. ನಾನು ಬಸ್ರೂರಿನಲ್ಲಿ ಅಜ್ಜ ಮತ್ತು ಅಮ್ಮಮ್ಮನ ಜೊತೆ ಬೆಳೆದೆ. ಅಮ್ಮಮ್ಮ ಎಂದರೆ ನನ್ನ ಅಮ್ಮನ ಅಮ್ಮ. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದು, ಬೆನ್ನು ಬಗ್ಗಿದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿದ್ದರು.

ಆ ಇಬ್ಬರು ಮುದುಕರಿಗೆ ಉಳಿತಾಯವೆಂದರೆ ಬರೀ ಬಡತನವಲ್ಲ, ಒಂದು ಆಟವೂ ಆಗಿತ್ತು. ಬೆಂಕಿಕಡ್ಡಿಯನ್ನು ಅಜ್ಜ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಎರಡು ಮಾಡುತ್ತಿದ್ದರು. ಸವೆದ ಸೋಪಿನ ಚೂರನ್ನು ಅಮ್ಮಮ್ಮ ಹೊಸ ಸೋಪಿಗೆ ಒತ್ತಿ ಅಂಟಿಸುತ್ತಿದ್ದರು. ಎಣ್ಣೆ ಬಾಟಲಿ ಖಾಲಿಯಾದರೆ ಅದನ್ನು ಬಿಸಿಲಿಗೆ ಕವುಚಿ ಇಟ್ಟು, ಇಳಿದ ನಾಲ್ಕು ಹನಿಯಲ್ಲಿ ಒಗ್ಗರಣೆ ಹಾಕುತ್ತಿದ್ದರು. ಕುಂದಾಪುರದ ಶನಿವಾರದ ಸಂತೆಗೆ ಎಲ್ಲರೂ ಬೆಳಿಗ್ಗೆ ಹೋದರೆ ನಾವು ಹೋಗುತ್ತಿದ್ದುದು ಬಿಸಿಲು ಇಳಿದ ಮೇಲೆ, ಅದೂ ನಡೆದುಕೊಂಡು. ಮಾರುವವರಿಗೆ ಮನೆಗೆ ಹೋಗುವ ಅವಸರ ಹುಟ್ಟಿದಾಗ ಬೆಲೆ ತಾನಾಗಿ ಇಳಿಯುತ್ತದೆ ಎಂಬುದು ಅವರಿಬ್ಬರು ಕಂಡುಕೊಂಡ ಗುಟ್ಟು. ತಿರುಗಿ ಬರುವಾಗ ಯಾರು ಎಷ್ಟು ಅಗ್ಗಕ್ಕೆ ತಂದರೆಂದು ದಾರಿಯುದ್ದಕ್ಕೂ ಪಂಥ ನಡೆಯುತ್ತಿತ್ತು. ಗೆದ್ದವರ ನಗು ಈಗಲೂ ನನ್ನ ಕಿವಿಯಲ್ಲಿದೆ.

ಮಳೆಗಾಲ ಮುಗಿಯುವ ಹೊತ್ತಿನ ಒಂದು ಸಂತೆಯಲ್ಲಿ ಅಮ್ಮಮ್ಮ ಗೆದ್ದರು. ಹಳೆ ಬಟ್ಟೆಗೆ ಪಾತ್ರೆ ಕೊಡುವ ವ್ಯಾಪಾರಿಯೊಬ್ಬ, ಹಾಗೆ ಒಟ್ಟಾದ ಬಟ್ಟೆಗಳನ್ನು ತಾಡಪಾಲಿನ ಮೇಲೆ ಗುಡ್ಡೆ ಹಾಕಿ ಮಾರುತ್ತಿದ್ದ. ಅಮ್ಮಮ್ಮ ಆ ಗುಡ್ಡೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ಒಂದು ಅಂಗಿ ಎಳೆದರು. ನೀಲಿ ಚೌಕುಳಿಯ ದಪ್ಪ ಬಟ್ಟೆ. ಬಣ್ಣ ಮಾಸಿರಲಿಲ್ಲ, ಗುಂಡಿ ಒಂದೂ ಹೋಗಿರಲಿಲ್ಲ.

“ಹ್ವಾಯ್, ಇಲ್ ಕಾಣಿ. ಒಂದ್ಸಲ ಮುಟ್ಟಿ ಕಾಣಿ. ಇಂಥದ್ ಅಂಗ್ಡಿಯಲ್ಲ್ ಸಿಕ್ಕುತ್ತಾ?” ಎಂದರು ಅಜ್ಜನಿಗೆ.

ಅಜ್ಜ ಮುಟ್ಟಿ ನೋಡಿದರು. “ಇಷ್ಟ್ ಒಳ್ಳೆದನ್ನ ಇಷ್ಟ್ ಅಗ್ಗಕ್ಕೆ ಎಂತಕ್ ಕೊಡ್ತ ಅಂವ?”

“ಅವ್ನಿಗ್ ಬಟ್ಟಿ ಗೊತ್ತಿಲ್ಲೆ, ನಂಗ್ ಗೊತ್ತಿತ್,” ಎಂದು ಅಮ್ಮಮ್ಮ ಅಂಗಿಯನ್ನು ಚೀಲಕ್ಕೆ ಹಾಕಿಕೊಂಡರು. ಅಜ್ಜನ ಪ್ರಶ್ನೆಗೆ ಅಂದು ಯಾರೂ ಉತ್ತರ ಹುಡುಕಲಿಲ್ಲ.

ಮರುದಿನವೇ ಅಮ್ಮಮ್ಮ ಅದನ್ನು ನನ್ನ ಅಳತೆಗೆ ಇಳಿಸಿದರು. ತೋಳು ಕತ್ತರಿಸಿದರು, ಬದಿ ಹಿಡಿಸಿದರು. ಕೆಳಗಿನ ಅಂಚನ್ನು ಮಾತ್ರ ಕತ್ತರಿಸದೆ ಒಳಕ್ಕೆ ಮಡಚಿ ಹೊಲಿದರು. ನಾನು ಬೆಳೆದ ಹಾಗೆ ಬಿಚ್ಚಿದರಾಯಿತು ಎಂದು. ಆ ಅಂಚಿನಲ್ಲಿ ಒಂದು ಕಡೆ ಹರಿದದ್ದನ್ನು ಯಾರೋ ಬಲೆ ಹೊಲಿಯುವ ಕೆಂಪು ನೂಲಿನಿಂದ ಒತ್ತೊತ್ತಾಗಿ ಹೊಲಿದಿದ್ದರು. ಕತ್ತರಿಸಿದ ತೋಳುಗಳನ್ನು ಅಮ್ಮಮ್ಮ ಎಸೆಯುವವರಲ್ಲ. ಮಡಚಿ ಹೊಲಿದು, ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ ಮಾಡಿದರು.

ಮುಂದಿನ ಶನಿವಾರ ನಾನು ಆ ಅಂಗಿ ಹಾಕಿಕೊಂಡು ಸಂತೆಗೆ ಹೊರಟೆ. ಕಾಲರ್ ಎತ್ತಿಕೊಂಡು, ಅಜ್ಜನಿಗಿಂತ ಮುಂದೆ ಮುಂದೆ ನಡೆದೆ. ಸಂತೆಯಲ್ಲಿ ಹಸಿ ಅರಿಶಿನದ, ಒದ್ದೆ ಗೋಣಿಯ, ಕೊಳೆತ ಬಾಳೆಹಣ್ಣಿನ ವಾಸನೆ. ಒಣಮೀನಿನ ಸಾಲಿಗೆ ಬರುವಾಗ ಹೊತ್ತು ಇಳಿದಿತ್ತು. ಅಮ್ಮಮ್ಮ ಒಬ್ಬಳ ಬಳಿ ಸೀಗಡಿಗೆ ಚೌಕಾಸಿ ಮಾಡುತ್ತಿದ್ದರು. ನಾನು ಎರಡು ಹೆಜ್ಜೆ ಆಚೆ ನಿಂತಿದ್ದೆ.

“ಹ್ವಾಯ್ ಮಾಣಿ, ಇಲ್ ಬಾ.”

ಸಾಲಿನ ಕೊನೆಯಲ್ಲಿ ಬುಟ್ಟಿಯ ಮುಂದೆ ಕುಳಿತಿದ್ದ ಒಬ್ಬ ಮುದುಕಿ ಕರೆದಿದ್ದಳು. ನಾನು ಹೋದೆ. ಅವಳು ನನ್ನ ಅಂಗಿಯ ಅಂಚು ಹಿಡಿದು ಒಳಮಗ್ಗುಲು ತಿರುಗಿಸಿದಳು. ಅವಳ ಬೆರಳುಗಳಿಗೆ ಉಪ್ಪು ಮೆತ್ತಿತ್ತು. ಕೆಂಪು ನೂಲಿನ ಮೇಲೆ ಆ ಬೆರಳು ಒಮ್ಮೆ ಅತ್ತ, ಒಮ್ಮೆ ಇತ್ತ ಓಡಾಡಿತು. ಆಮೇಲೆ ಅವಳು ಬಗ್ಗಿ ಅಂಚನ್ನು ಮುಖಕ್ಕೆ ಒತ್ತಿಕೊಂಡಳು. ಅವಳ ಬಿಸಿ ಉಸಿರು ನನ್ನ ಹೊಟ್ಟೆಗೆ ತಾಗಿತು. ನಾನು ಹೆದರಿ ಅಮ್ಮಮ್ಮನನ್ನು ಕೂಗಿದೆ.

ಅಮ್ಮಮ್ಮ ಓಡಿ ಬಂದರು. “ಎಂತ ಅದ್? ಮಾಣಿ ಅಂಗಿ ಬಿಡಿ. ನಾವ್ ಕದ್ದದ್ದಲ್ಲ, ದುಡ್ ಕೊಟ್ ತಕಂಡದ್.”

“ಕದ್ದದ್ ಅಂದ್ ನಾ ಹೇಳ್ಲಿಲ್ಲ ಅಮ್ಮ,” ಎಂದಳು ಅವಳು, ಅಂಚು ಬಿಡದೆ. “ಈ ಕೆಂಪ್ ನೂಲ್ ಕಾಣಿ. ಈ ಹೊಲ್ಗಿ ನಾನೇ ಹಾಕಿದ್ದ್. ನನ್ ಮಗನ್ ಅಂಗಿ ಇದ್. ಪೆಟ್ಟಿಗೆ ಒಳ್ಗ್ ಇಟ್ಟಿದ್ದೆ. ಇದ್ ಇಲ್ಲಿಗ್ ಹ್ಯಾಂಗ್ ಬಂತ್?”

ಮಳೆ ಹಿಡಿಯುವ ಮೊದಲು ಅವಳ ಮಗ ದೋಣಿಯಲ್ಲಿ ಮೀನಿಗೆ ಹೋಗಿದ್ದನಂತೆ. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ದೋಣಿ ಮಗುಚಿತಂತೆ. ಉಳಿದವರು ಬಂದರು, ದೋಣಿಯೂ ದಡಕ್ಕೆ ಬಂತು. ಅವನು ಬರಲಿಲ್ಲ, ಅವನ ಹೆಣವೂ ಬರಲಿಲ್ಲ. ಇದನ್ನೆಲ್ಲ ಅವಳು ಅಳದೆ ಹೇಳಿದಳು. ಕೊನೆಗೆ ಅಮ್ಮಮ್ಮನ ಮುಖ ನೋಡಿ, “ನಾಳೆ ಅಂವ ಬಂದ್ರೆ ಎಂತ ಹಾಕಂತ?” ಎಂದು ಕೇಳಿದಳು.

ಸಂತೆಯಲ್ಲಿ ಯಾವ ಮಾತಿಗೂ ಸೋಲದ ಅಮ್ಮಮ್ಮ ಅಜ್ಜನ ಕಡೆ ತಿರುಗಿದರು. ಅಜ್ಜ ಹೆಗಲ ಮೇಲಿನ ಬೈರಾಸ ತೆಗೆದು ನನಗೆ ಹೊದೆಸಿ, “ಅಂಗಿ ತೆಗಿ ಮಗಾ,” ಎಂದರು. ನಾನು ಗುಂಡಿಗೆ ಕೈ ಹಾಕಿದೆ. ಆ ಹೆಂಗಸು ತಡೆದಳು.

“ತೆಗಿಬೇಡ. ಅಲ್ಲಿ ತನಕ ಹೋಯಿ, ಅಲ್ಲಿಂದ ನನ್ ಬದಿಗ್ ನಡ್ಕಂಡ್ ಬಾ. ಒಂದೇ ಸಲ.”

ನಾನು ಅಜ್ಜನನ್ನು ನೋಡಿದೆ. ಅಜ್ಜ ತಲೆಯಾಡಿಸಿದರು. ಬೈರಾಸವನ್ನು ಅವರ ಕೈಗೆ ಕೊಟ್ಟು, ಮೀನಿನ ಸಾಲಿನ ಉದ್ದಕ್ಕೂ ಆ ತುದಿಯವರೆಗೆ ನಡೆದೆ. ಬೆನ್ನಿನ ಮೇಲೆ ಅವಳ ಕಣ್ಣು ಭಾರವಾಗಿ ಕುಳಿತಿತ್ತು. ತುದಿಯಲ್ಲಿ ತಿರುಗಿ ನಿಂತಾಗ ಮೀನು ಮಾರುವ ಬೇರೆ ಹೆಂಗಸರೂ ನನ್ನನ್ನೇ ನೋಡುತ್ತಿದ್ದರು. ನಾನು ವಾಪಸು ನಡೆಯತೊಡಗಿದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಅಂಗಿಯನ್ನು ಮಾತ್ರ ನೋಡುತ್ತಿದ್ದಳು. ಹತ್ತಿರ ಬಂದಂತೆ ಅವಳ ತುಟಿ ನಗುವುದಕ್ಕೆ ಅಣಿಯಾಗುತ್ತಿತ್ತು, ಕೈಗಳು ತಾವಾಗಿ ಮೇಲೇಳುತ್ತಿದ್ದವು. ಇನ್ನೆರಡು ಹೆಜ್ಜೆ ಇರುವಾಗ ಅವಳು ತಲೆ ಎತ್ತಿದಳು. ಅಲ್ಲಿ ಇದ್ದದ್ದು ನನ್ನ ಮುಖ. ಬೇರೆಯವರ ಮುಖದಲ್ಲಿ ಅಷ್ಟು ಬೇಗ ಬೆಳಕು ಆರಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

“ಸಾಕ್ ಮಗಾ,” ಎಂದಳು. ಆಮೇಲೆ ಅಮ್ಮಮ್ಮನ ಕಡೆ ತಿರುಗಿ, “ಅಂಗಿ ಮಾಣಿಗೇ ಇರ್ಲಿ. ಕತ್ರಿಸಿದ ತೋಳ್ ಇತ್ತಾ? ಅದ್ ಕೊಟ್ರ್ ಸಾಕ್.”

ಅಮ್ಮಮ್ಮನ ಮುಖ ಬಾಡಿತು. ಆ ತೋಳುಗಳು ನಮ್ಮ ಒಲೆಯ ಬದಿಯಲ್ಲಿ ಕರ್ರಗೆ ಬಿದ್ದಿರುವುದು ನನಗೂ ಗೊತ್ತಿತ್ತು. “ಬಪ್ಪ ಶನ್ವಾರ ತತ್ತೆ,” ಎಂದರು ಅಮ್ಮಮ್ಮ ಮೆಲ್ಲಗೆ. “ಖಂಡಿತ ತತ್ತೆ.”

ಮನೆಗೆ ಹೋಗುವ ದಾರಿಯಲ್ಲಿ ಅಂದು ಪಂಥ ನಡೆಯಲಿಲ್ಲ. ಮರುದಿನ ಬೆಳಿಗ್ಗೆ ಅಮ್ಮಮ್ಮ ಕಪಾಟಿನಿಂದ ಕಾಗದ ಬಿಚ್ಚದ ಹೊಸ ಸೋಪು ತೆಗೆದು ಬಾವಿಕಟ್ಟೆಗೆ ಹೋದರು. ಮಸಿಬಟ್ಟೆಯ ಹೊಲಿಗೆ ಬಿಚ್ಚಿ ಉಜ್ಜಿದರು, ಹಿಂಡಿದರು, ಮತ್ತೆ ಉಜ್ಜಿದರು. ನೊರೆ ಕಪ್ಪಾಗಿ ಹರಿಯಿತು. ಮಧ್ಯಾಹ್ನದ ಹೊತ್ತಿಗೆ ಸೋಪು ಅರ್ಧ ಕರಗಿತ್ತು. ಚೌಕುಳಿ ಅಲ್ಲಲ್ಲಿ ಕಂಡಿತು, ಮಸಿ ಮಾತ್ರ ಪೂರ್ತಿ ಹೋಗಲಿಲ್ಲ. ಅಜ್ಜ ಬಂದು, “ಅದ್ ಹೋತಿಲ್ಲೆ, ಬಿಡ್,” ಎಂದರು. ಅಮ್ಮಮ್ಮ ಬಿಡಲಿಲ್ಲ.

ಮುಂದಿನ ಶನಿವಾರ ನಾವು ಬೆಳಿಗ್ಗೆಯೇ ಹೊರಟೆವು. ಚೀಲದಲ್ಲಿ ಆ ಎರಡು ತೋಳು, ಜೊತೆಗೆ ಮಡಚಿದ ಅಂಗಿ. ಸಾಲಿನ ಕೊನೆಯ ಜಾಗ ಖಾಲಿಯಿತ್ತು. ಪಕ್ಕದಲ್ಲಿ ಕುಳಿತವಳು ನಮ್ಮನ್ನು ಗುರುತು ಹಿಡಿದಳು.

“ಅವ್ರ್ ಇನ್ ಬತ್ತಿಲ್ಲೆ. ಅವ್ರ್ ಸಂತೆಗ್ ಬಂದಾಗ ಮಗಳೇ ಪೆಟ್ಟಿಗೆ ತೆಗ್ದ್ ಬಟ್ಟಿ ಎಲ್ಲ ಪಾತ್ರೆಯವ್ನಿಗ್ ಕೊಟ್ಟದ್ ಅಂಬ್ರ್. ಅಮ್ಮ ಪೆಟ್ಟಿಗೆ ತೆಗ್ದಾಗೆಲ್ಲ ಅದನ್ನ್ ಕಂಡ್ ಕಂಡ್ ಕೂಕಂತಾರೆ, ಅದ್ ಇಲ್ದಿದ್ರ್ ಮರೀತಾರೆ ಅಂದ್. ಇವ್ರಿಗ್ ಗೊತ್ತೇ ಇರ್ಲಿಲ್ಲ. ಆ ದಿನ ಇಲ್ಲಿಂದ ಹೋಯಿ, ಖಾಲಿ ಪೆಟ್ಟಿಗೆ ಕಂಡ್, ಎದ್ದ್ ಹೋದ್ರಂಬ್ರ್. ಬೈಂದೂರ್ ಬದಿಗ್ ಹೋಯಿರ್ ಅಂತ್ರ್.”

ದಾರಿ ಎಷ್ಟೇ ಇದ್ದರೂ ನಡೆದೇ ಹೋಗುವ ಅಜ್ಜ ಆ ದಿನ ನಮ್ಮನ್ನು ಬೈಂದೂರಿನ ಬಸ್ಸು ಹತ್ತಿಸಿದರು. ಕಡಲ ಬದಿಯ ಮನೆಮನೆಗಳಲ್ಲಿ ಕೇಳಿದೆವು. ಮಗನನ್ನು ಕಡಲಿಗೆ ಕೊಟ್ಟ ತಾಯಂದಿರು ಅಲ್ಲಿ ಇದ್ದರು, ಒಬ್ಬಿಬ್ಬರಲ್ಲ. ನಾವು ಹುಡುಕುತ್ತಿದ್ದವಳು ಇರಲಿಲ್ಲ. ಆಮೇಲೂ ಎರಡು ಸಲ ಹೋದೆವು. ಸಿಗಲಿಲ್ಲ.

ಅಮ್ಮಮ್ಮ ಚೌಕಾಸಿ ಬಿಡಲಿಲ್ಲ, ಬಿಟ್ಟರೆ ಬದುಕು ಸಾಗುತ್ತಿರಲಿಲ್ಲ. ಆದರೆ ಹಳೆ ಬಟ್ಟೆಯ ಗುಡ್ಡೆಯ ಮುಂದೆ ನಿಂತಾಗ ಮೊದಲು “ಇದ್ ಯಾರದ್?” ಎಂದು ಕೇಳುತ್ತಿದ್ದರು. ಮಾರುವವನಿಗೆ ಗೊತ್ತಿಲ್ಲದಿದ್ದರೆ ಎಷ್ಟು ಅಗ್ಗವಾದರೂ ಕೆಳಗಿಡುತ್ತಿದ್ದರು. ಆ ಅಂಗಿಯನ್ನು ನಾನು ಮತ್ತೆ ಹಾಕಲಿಲ್ಲ. ಒಂದು ಯೋಚನೆ ಮಾತ್ರ ನನ್ನನ್ನು ಬಿಡದೆ ಹಿಂಬಾಲಿಸಿದೆ. ನಾನು ಅಂದು ಅದನ್ನು ಹಾಕಿಕೊಂಡು ಹೋಗದಿದ್ದರೆ ಅವಳು ಇನ್ನೂ ಎಷ್ಟೋ ಕಾಲ ಮಗ ಬರುತ್ತಾನೆಂದು ಕಾಯುತ್ತಿದ್ದಳು. ಅದು ಒಳ್ಳೆಯದಿತ್ತೋ, ಇದು ಒಳ್ಳೆಯದಾಯಿತೋ, ಇಷ್ಟು ವಯಸ್ಸಾದರೂ ನನಗೆ ತಿಳಿದಿಲ್ಲ.

ಮೊಮ್ಮಕ್ಕಳೇ, ಈಗ ಕೋಟದಲ್ಲಿರುವ ನಾನೂ ನಿಮ್ಮ ಅಜ್ಜಿಯೂ ಅಂಥದೇ ಇಬ್ಬರು ಮುದುಕರು. ಶನಿವಾರ ಬಿಸಿಲು ಇಳಿದ ಮೇಲೆ ಕುಂದಾಪುರದ ಬಸ್ಸು ಹತ್ತುತ್ತೇವೆ, ಮಿಕ್ಕಿದ ಬಸಳೆಯ ಕಟ್ಟನ್ನು ಅರ್ಧ ಬೆಲೆಗೆ ತರುತ್ತೇವೆ. ನೀವು ಬ್ರಹ್ಮಾವರದ ಮನೆಯಲ್ಲಿ ಕುಳಿತು ಫೋನಿನಲ್ಲೇ ಅಗ್ಗದ ಬಟ್ಟೆ ಹುಡುಕುತ್ತೀರಿ, ಅದು ಬಾಗಿಲಿಗೆ ಬರುತ್ತದೆ. ಯಾರೂ ತೊಡದ, ಯಾರ ವಾಸನೆಯೂ ಇಲ್ಲದ ಬಟ್ಟೆ. ಅದು ನಿಮ್ಮ ಅದೃಷ್ಟ. ಶಾಲೆಯ ವ್ಯಾನು ಎಲ್ಲಿಗೆ ಬಂತೆಂದು ನಿಮ್ಮ ಅಮ್ಮ ಅದೇ ಫೋನಿನಲ್ಲಿ ನೋಡುತ್ತಾಳೆ. ನಮ್ಮ ಕಾಲದಲ್ಲಿ ಮನೆಯಿಂದ ಹೊರಟವರು ಎಲ್ಲಿದ್ದಾರೆಂದು, ಅವರು ಅಂಗಳಕ್ಕೆ ಕಾಲಿಡುವವರೆಗೆ ಯಾರಿಗೂ ಗೊತ್ತಿರುತ್ತಿರಲಿಲ್ಲ.

ಮೊನ್ನೆ ವ್ಯಾನು ತಡವಾಯಿತೆಂದು ಕೇಳಿ ನಾನು ನಿಮ್ಮ ಮನೆಗೆ ಫೋನ್ ಮಾಡಿದೆ, ನೀವು ಆಗಲೇ ಬಂದು ತಲುಪಿದ್ದಿರಿ. “ಎಂತ ಅಜ್ಜಾ?” ಎಂದು ಸ್ವಲ್ಪ ಸಿಡುಕಿನಿಂದಲೇ ಕೇಳಿದಿರಿ. “ಎಂತದೂ ಇಲ್ಲೆ ಮಗಾ,” ಎಂದು ಇಟ್ಟುಬಿಟ್ಟೆ. ಇಷ್ಟೆಲ್ಲ ಹೇಳುವುದಿತ್ತು. ನಿಮ್ಮ ದನಿ ಕೇಳಿದ ಮೇಲೆ ಆ ಹೊತ್ತಿಗೆ ಅದು ಬೇಕೆನಿಸಲಿಲ್ಲ.