ದತ್ತಾ ಅಂಟಿಸಿದ ಚೀಟಿಗಳು

ದತ್ತಾನ ಬಲಗೈಯಲ್ಲಿ ಮೂರೇ ಬೆರಳು. ಉಳಿದ ಎರಡನ್ನು ರಂಪಣಿಯ ಹಗ್ಗ ತಿಂದಿತ್ತು. ರಂಪಣಿ ಅಂದರೆ ಊರೇ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ. ಎಳೆಯಲಾಗದವನು ಹರಿದ ಬಲೆ ಹೊಲಿಯಲು ಕೂತ. ಮೂರು ಬೆರಳಲ್ಲಿ ಅವನು ಹಾಕುವ ಬಲೆಯ ಕಣ್ಣು ಹತ್ತು ಬೆರಳಿನವರಿಗೂ ಬರುತ್ತಿರಲಿಲ್ಲ. ಕಾರವಾರದ ಒಬ್ಬ ವಕೀಲರು ಅದನ್ನು ನೋಡಿ, “ನನ್ನ ಪುಸ್ತಕಗಳೂ ಹರಿದಿವೆ, ಬಾ” ಎಂದು ಕರೆದರು. ದತ್ತಾ ಜವಾನನಾದ. ಅಂಕೋಲೆ ಕಡೆಯಿಂದ ದಿನಾ ಬಸ್ಸು. ಬಾಗಿಲ ಹೊರಗೆ ಒಂದು ಸ್ಟೂಲು.

ನಾಲ್ಕನೇ ಇಯತ್ತೆ ಓದಿದವನು. ಅಕ್ಷರ ಮಾತ್ರ ದುಂಡಗೆ. ಕಾನೂನು ಬದಲಾದಾಗ ವಕೀಲರು ಹೇಳುತ್ತಿದ್ದರು, ಇವನು ಚೀಟಿಯ ಮೇಲೆ ಬರೆದು ಪುಸ್ತಕದ ಆ ಜಾಗದಲ್ಲಿ ಅಂಟಿಸುತ್ತಿದ್ದ. ವಕೀಲರು ಹೊಸ ಸಂವಿಧಾನ ಕೊಂಡಾಗ ಹಳೆಯದನ್ನು ಇವನಿಗೆ ಕೊಟ್ಟರು. ಅಂದಿನಿಂದ ಮನೆಯಲ್ಲೂ ಅದೇ ಕೆಲಸ.

ಒಂದು ಸಂಜೆ ಬಸ್ಸಿನಿಂದ ಇಳಿದವನು ಓಡುತ್ತಲೇ ಬಂದ.

“ಅಗೋ ಕಾಶಿ! ನಮ್ಮ ಕೊಂಕಣಿ ಪುಸ್ತಕದಲ್ಲಿ ಬಂತು ಗೋ! ಎಪ್ಪತ್ತೊಂದನೇ ತಿದ್ದುಪಡಿ. ನಾನೇ ಅಂಟಿಸ್ದೆ!”

ಹೆಂಡತಿ ಕಾಶಿ ಮೀನು ಮಾರುವವಳು. ಬುಟ್ಟಿ ತೊಳೆಯುತ್ತಿದ್ದಳು. “ಹಾಗಾದ್ರೆ ಇಷ್ಟು ದಿನ ಪೇಟೆಲಿ ನಾ ಬೈದದ್ದೆಲ್ಲಾ ಲೆಕ್ಕಕ್ಕಿಲ್ವಾ?”

“ಇನ್ನು ಬೈ. ಸರ್ಕಾರಿ ಭಾಷೇಲಿ ಬೈದ ಹಾಗೆ!”

ಅವಳಿಗೆ ಓದು ಬಾರದು. ಅವನು ಗಟ್ಟಿಯಾಗಿ ಓದುತ್ತಾ ಬರೆಯುವುದು, ಅವಳು ಮೀನು ಹೆಚ್ಚುತ್ತಾ ಕೇಳುವುದು. ಹದಿಮೂರು ವರ್ಷ ಹೀಗೇ ನಡೆಯಿತು.

“ಈ ಸಂವಿಧಾನ ಬಲೆ ಇದ್ದ ಹಾಗೆ, ಕಾಶಿ. ಎಲ್ಲಾ ಸೇರಿ ಹೆಣೆದದ್ದು. ಹರಿದಲ್ಲಿ ಹೊಸ ಕಣ್ಣು ಹಾಕೂಕೆ ಬತ್ತದೆ. ಒಬ್ಬನೇ ಕೂತು ಹಾಕೂಕಾಗೂದಿಲ್ಲ. ದಿಲ್ಲೀಲಿ ಮೂರರಲ್ಲಿ ಎರಡು ಪಾಲು ಜನ ಹೂಂ ಅನ್ಬೇಕು. ಎಷ್ಟೇ ಜನ ಹೂಂ ಅನ್ಲಿ, ಇಡೀ ಬಲೆ ಹಿಡಿದ ತಲೆಹಗ್ಗ ಮಾತ್ರ ಕತ್ತರಿಸೂಕಿಲ್ಲ. ಕೋರ್ಟು ಬಿಡೂದಿಲ್ಲ.”

“ತಲೆಹಗ್ಗ ಕತ್ತರಿಸಿದ್ರೆ ಬಲೆ ಎಲ್ಲಿ ಉಳೀತದೆ? ಇದಕ್ಕೂ ಕೋರ್ಟು ಬೇಕಾ?”

“ಅದನ್ನೇ ಅವರು ಇಷ್ಟುದ್ದ ಬರೆದದ್ದು!”

ಎರಡು ಸಾವಿರದ ಐದರಲ್ಲಿ ಪಂಚಾಯತಿ ಚುನಾವಣೆ ಬಂತು. ಅವರ ಕೇರಿಯ ಸೀಟು ಹೆಂಗಸರಿಗೆ. ದತ್ತಾ ಹಟ ಹಿಡಿದು ಕಾಶಿಯನ್ನು ನಿಲ್ಲಿಸಿದ. ಹನ್ನೊಂದು ವೋಟಿನಲ್ಲಿ ಗೆದ್ದಳು. ಅಧ್ಯಕ್ಷರ ಕುರ್ಚಿಯೂ ಆ ಸಲ ಹೆಂಗಸರಿಗೇ. ಮೊದಲಿನ ಅಧ್ಯಕ್ಷ ಸುಬ್ಬನೇ ಎಲ್ಲರ ಕೈ ಎತ್ತಿಸಿ ಕಾಶಿಯನ್ನು ಆರಿಸಿದ. ಯಾಕೆಂದು ಮರುದಿನ ಗೊತ್ತಾಯಿತು. ಅಂಗಳಕ್ಕೆ ಬಂದು ಕೂತ.

“ವೈನಿ, ನೀವು ಸಹಿ ಹಾಕಿ ಮೀನಿಗೆ ಹೋಗಿ. ಕುರ್ಚೀಲಿ ದತ್ತಾ ಕೂತ್ಕಳ್ಲಿ. ಅವ ಕೋರ್ಟು ಕಂಡವ.”

ಕಾಶಿ ಗಂಡನ ಮುಖ ನೋಡಿದಳು. ಜೀವಮಾನವೆಲ್ಲಾ ಸ್ಟೂಲಿನಲ್ಲಿ ಕೂತವನು. ಕುರ್ಚಿ ಅಂದಾಗ ಅವನ ಕಣ್ಣು ಒಮ್ಮೆ ಮಿಂಚಿತು. ಅವಳು ಕಂಡಳು. ಹೂಂ ಅಂದೇಬಿಡುತ್ತಾನೆ ಅಂದುಕೊಂಡಳು.

ದತ್ತಾ ಎದ್ದ. “ಸುಬ್ಬಣ್ಣಾ, ಆ ಕುರ್ಚಿ ಅವಳದು ಅಂತ ನಾನೇ ಅಂಟಿಸಿದ್ದೆ. ನಾಳೆ ಸಭೇಲಿ ತೋರಿಸ್ತೆ.”

ಒಳಗೆ ಬಂದು ಪುಸ್ತಕ ಬಿಚ್ಚಿದ. ಪಂಚಾಯತಿ ಕುರಿತ ಎಪ್ಪತ್ತಮೂರನೇ ತಿದ್ದುಪಡಿಯ ಚೀಟಿ ಅಂಚಲ್ಲಿ ಎದ್ದಿತ್ತು. ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಪಾತ್ರೆಯಲ್ಲಿ ಗಂಜಿ ಕಾಯಿಸಿ ಮಂದ ಅಂಟು ಮಾಡಿ ಬಳಿದ. ಒಣ ಸಿಗಡಿ ನೆನೆಸಿದ ಪಾತ್ರೆ ಅದು. ಪುಸ್ತಕವನ್ನು ತೆರೆದೇ ಬಿಸಿಲಿಗಿಟ್ಟ. ಸಂಜೆ ತಂದು, ನೋಡದೆ ಮುಚ್ಚಿ, ಬಟ್ಟೆಯಲ್ಲಿ ಸುತ್ತಿದ.

ಮರುದಿನ ಸಭೆ. ಹೊರಗೆ ಜಗುಲಿಯ ತುಂಬಾ ಜನ. ಸುಬ್ಬ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ. “ಎಲ್ಲಿ ಬರೆದದೆ, ತೋರಿಸು.”

ದತ್ತಾ ಪುಸ್ತಕ ಬಿಚ್ಚಿದ. ಚೀಟಿ ಇರಲಿಲ್ಲ. ಚೀಟಿಯ ಅಡಿಯ ಹಾಳೆಯೂ ಅರ್ಧ ಇರಲಿಲ್ಲ. ಉಳಿದದ್ದರಲ್ಲಿ ಬೆಕ್ಕಿನ ಹಲ್ಲಿನ ತೂತು. ಸಿಗಡಿಯ ವಾಸನೆ ಮೂಗಿಗೆ ಬಡಿಯಿತು.

“ಕಾಯ್ದೆ ಬೆಕ್ಕು ತಿಂತು!” ಸುಬ್ಬ ಹೊಟ್ಟೆ ಹಿಡಿದುಕೊಂಡ. “ಬೆಕ್ಕನ್ನೇ ಕೂರಿಸುವಾ ಕುರ್ಚೀಲಿ!”

ಎಲ್ಲ ನಕ್ಕರು. ದತ್ತಾ ಮೂರು ಬೆರಳಲ್ಲಿ ಹರಿದ ಹಾಳೆಯ ಅಂಚು ಜೋಡಿಸುತ್ತಿದ್ದ. ಆ ಬೆರಳು ನೋಡಿ ಕಾಶಿಗೆ ಸಿಟ್ಟು ನೆತ್ತಿಗೇರಿತು. ಪೇಟೆಯಲ್ಲಿ ಮೀನು ಕೂಗುವ ದನಿ ತೆಗೆದಳು.

“ಇನ್ನೂರಾ ನಲವತ್ತಮೂರು ಡಿ! ಪಂಚಾಯತಿ ಸೀಟಿನಲ್ಲಿ ಮೂರರಲ್ಲಿ ಒಂದಕ್ಕೆ ಕಮ್ಮಿ ಆಗದ ಹಾಗೆ ಹೆಂಗಸರಿಗೆ. ಅಧ್ಯಕ್ಷರ ಕುರ್ಚೀಲೂ ಮೂರರಲ್ಲಿ ಒಂದಕ್ಕೆ ಕಮ್ಮಿ ಆಗೂಕಿಲ್ಲ. ಹೆಂಗಸರಿಗೆ ಅಂತ ಅದೆ. ಹೆಂಗಸರ ಗಂಡಂದಿರಿಗೆ ಅಂತ ಎಲ್ಲಿ ಅದೆ, ಸುಬ್ಬಣ್ಣಾ? ನೀ ತೋರಿಸು!”

ನಗು ನಿಂತಿತು. ಪಂಚಾಯತಿ ಕಾರ್ಯದರ್ಶಿ ತನ್ನ ಕಪಾಟಿನ ಪುಸ್ತಕ ತೆಗೆದು ಬೆರಳಿಟ್ಟು ಓದಿದ. ತಲೆ ಎತ್ತಿ, “ಕಾಶಿಬಾಯಿ ಹೇಳಿದ್ದು ಸರಿ ಅದೆ” ಎಂದ.

ಕಾಶಿ ಹೋಗಿ ಕೂತಳು. ಕುರ್ಚಿ ಎತ್ತರ, ಕಾಲು ನೆಲಕ್ಕೆ ತಾಗಲಿಲ್ಲ. ಕಿಟಕಿಯಾಚೆ ದತ್ತಾ ಕುಣಿಯುತ್ತಿದ್ದ. “ನಾ ಓದಿದ್ದು! ನಾ ಓದಿದ್ದನ್ನೇ ಹೇಳಿದ್ಳು! ಒಂದಕ್ಷರ ಬಿಡ್ಲಿಲ್ಲ!” ಮೂರು ಬೆರಳಿನ ಕೈ ಗಾಳಿಯಲ್ಲಿ ಪಟಪಟ ಆಡುತ್ತಿತ್ತು. ಅಂಥ ಖುಷಿ ಅವಳು ಆಮೇಲೆ ಯಾರ ಮುಖದಲ್ಲೂ ಕಂಡಿಲ್ಲ.

ಮುಂದಿನ ಮಳೆಗಾಲ ದತ್ತಾ ಹೋದ. ಜ್ವರ. ನಾಲ್ಕೇ ದಿನ.

ಹದಿಮೂರನೇ ದಿನ ಊಟ ಮಾಡಿ ಎದ್ದ ಸುಬ್ಬ ಮೆಲ್ಲಗೆ ಹೇಳಿದ. “ವೈನಿ, ವರ್ಷ ತುಂಬುವವರೆಗೆ ಮನೇಲಿರಿ. ಗಂಡ ಸತ್ತವಳು ಸಭೇಲಿ ಕೂತ್ರೆ ಊರು ಎಂತಾ ಹೇಳ್ತದೆ? ನಿಮ್ಮ ಬದಲು ನಾ ನೋಡ್ಕಳ್ತೆ.”

ಅತ್ತೂ ಅತ್ತೂ ಕಾಶಿಯ ದನಿ ಬಿದ್ದಿತ್ತು. ಆದರೂ ಕೇಳಿದಳು. “ಯಾವ ತಿದ್ದುಪಡಿ, ಸುಬ್ಬಣ್ಣಾ? ಎಷ್ಟನೇದು?”

ಸುಬ್ಬ ಅಂಗಳಕ್ಕಿಳಿದು ಚಪ್ಪಲಿ ಹುಡುಕತೊಡಗಿದ.

ಮರುದಿನ ಸಭೆ ಇತ್ತು. ಸುರಿಯುವ ಮಳೆಯಲ್ಲಿ ಬೆಕ್ಕು ಕಚ್ಚಿದ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೀನಿನ ಬುಟ್ಟಿಯಲ್ಲಿಟ್ಟು, ಬುಟ್ಟಿ ತಲೆ ಮೇಲೆ ಹೊತ್ತು ಪಂಚಾಯತಿಗೆ ಹೊರಟಳು.